ಮತ್ತೆ ಬನ್ನಿ ಎನ್ನಲಾಗದ ಅಂಗಡಿ

ಗ್ಯೂಮ್ರಿಯ ಸ್ಮಶಾನದ ದಾರಿಯಲ್ಲಿ
ಟೈರಿನಂಗಡಿ ದಾಟಿದರೆ ನನ್ನದು.
ಬೋರ್ಡಿನವನು ನಲವತ್ತು ಸಾವಿರ ದ್ರಾಮ್ ಕೇಳಿದ.
ಊರಿನವರ ಹೆಸರೆಲ್ಲ ಕೆತ್ತುವವನು ನಾನು,
ನನ್ನ ಹೆಸರಿಗೆ ಇಷ್ಟು ದುಡ್ಡೇ
ಎಂದು ಬೈದು ಬಂದೆ.

ಹೆಸರು ಮ್ನಾತ್ಸಕಾನ್. ಅಂದರೆ ಉಳಿದವನು.
ನನಗಿಂತ ಮೊದಲು ಮೂರು ತೊಟ್ಟಿಲು ಬರಿದಾಗಿ
ನಾಲ್ಕನೆಯದಕ್ಕೆ ಅಜ್ಜಿ
ಸಾವಿಗೆ ಕೇಳಿಸುವಂತೆ ಕೂಗಿ ಇಟ್ಟದ್ದು.

"ಇದೇ ನಿನ್ನ ಬ್ರ್ಯಾಂಡು ಮಾಮ!" ಅಂದಳು ಅರ್ಪೆನಿಕ್,
ಟೈರಿನಂಗಡಿಯವನ ಮಗಳು, ಹದಿನೇಳು,
ಬಾಯಲ್ಲಿ ಸೂರ್ಯಕಾಂತಿ ಬೀಜ, ಕೈಯಲ್ಲಿ ಬಿರುಕುಬಿಟ್ಟ ಫೋನು.
"ಕಾಸಿಲ್ಲದ ಡಂಗುರ. ನಾನು ಹೊಡೆದುಕೊಡ್ತೀನಿ.
ವಾರಕ್ಕೊಂದು ಪೊಟ್ಟಣ ಬೀಜ ಸಾಕು,
ಹುರಿದದ್ದು, ಉಪ್ಪು ಹಾಕಿದ್ದು."

ಮೊದಲ ದಿನ: "ನಗು ಮಾಮ."
ಯಾರ ಕಲ್ಲಿನ ಪಕ್ಕ ನಗಲಿ?
ಹಿಂದೆ ನಿಂತಿದ್ದಾನೆ ಬಸ್ ಡ್ರೈವರ್ ಸೆದ್ರಾಕ್,
ಅರ್ಧ ಮುಖ ಮೂಡಿದೆ, ಮೀಸೆ ನಾಳೆ.
"ಹಾಗಾದ್ರೆ ಕೈ ಮಾತ್ರ ತೋರಿಸು."
ತೋರಿಸಿದೆ. ಏಳು ಲೈಕು.
ಎರಡು ಕ್ರಾಸ್ನೊದಾರಿನ ತಂಗಿಯದು, ಅವಳಿಗೆ ಎರಡು ಖಾತೆ.
ಒಂದು ನನ್ನದೇ, ಬೆರಳು ತಾಗಿ.

ರೊಟ್ಟಿಯವನು ಬಿಸಿಯಿದೆ, ಓಡಿ ಬನ್ನಿ ಎನ್ನುತ್ತಾನೆ.
ಕ್ಷೌರದವನು ಮತ್ತೆ ಬನ್ನಿ ಎನ್ನುತ್ತಾನೆ.
ನಾನೇನು ಹೇಳಲಿ?
ಬೇಗ ಬನ್ನಿ ಅಂದರೆ ಶಾಪ.
ಒಂದಕ್ಕೊಂದು ಉಚಿತ ಅಂದರೆ
ಗಂಡ ಹೆಂಡತಿಯ ಮುಖ ನೋಡುತ್ತಾನೆ.
ಭೂಕಂಪದ ವರ್ಷ ಅಪ್ಪನ ಮುಂದೆ ಸಾಲು ನಿಂತಿತ್ತು;
ಅಂಥ ವ್ಯಾಪಾರ ದೇವರು ಇನ್ನು ಯಾರಿಗೂ ಕೊಡದಿರಲಿ.
ಅರ್ಪೆನಿಕ್ ಸಿಪ್ಪೆ ಉಗಿದಳು:
"ಏನೂ ಹೇಳಬೇಡ. ಕೆಲಸ ಮಾಡು."

ಅವತ್ತು ಉಳಿ ಜಾರಿತು.
ಫೋನು ನಡೆಯುತ್ತಿದ್ದದ್ದು ಮರೆತೇಹೋಗಿತ್ತು.
ಒಬ್ಬ ಟೀಚರಮ್ಮನ ಹೆಸರಲ್ಲಿ
ಎಡಕ್ಕೆ ತಿರುಗಬೇಕಾದ ಬಾಲ ಬಲಕ್ಕೆ.
ನಲವತ್ತು ವರ್ಷ ಮಕ್ಕಳ ಕಾಗುಣಿತ ತಿದ್ದಿದಾಕೆ!
ಬೈದೆ. ಯಾರನ್ನೋ ಗೊತ್ತಿಲ್ಲ,
ಕಲ್ಲಿನ ತಾಯಿಯನ್ನೇ ಇರಬೇಕು.
ಆಮೇಲೆ ಕೂತು ಉಜ್ಜಿದೆ,
ಎರಡು ದಿನ, ಮೂರು ಮಿಲಿಮೀಟರು,
ಒಂದಕ್ಷರ ಹೋಗಲೆಂದು
ಎಲ್ಲ ಅಕ್ಷರ ಹೋಗುವವರೆಗೆ.

ಅದನ್ನು ನೋಡಿದರು ಜನ.
ಬೈಗುಳ ಸಮೇತ, ನಾಲ್ಕು ಸಾವಿರ.
ನೆಟ್ಟಗೆ ಕೆತ್ತಿದ್ದಕ್ಕೆ ಏಳು, ಕೆಡಿಸಿಕೊಂಡು ಕೂತದ್ದಕ್ಕೆ ಇಷ್ಟು.
ಬ್ರೆಜಿಲಿನ ಯಾರೋ ಕೈಮುಗಿದಿದ್ದಾನೆ.
ಇನ್ಯಾರೋ, ಈ ಸದ್ದಿಗೆ ನಿದ್ದೆ ಬರುತ್ತದೆ, ಇನ್ನಷ್ಟು ಉಜ್ಜಿ, ಎಂದಿದ್ದಾಳೆ.
ಗಿರಾಕಿ ಮಾತ್ರ ಒಬ್ಬರೂ ಇಲ್ಲ.

ಹದಿನೆಂಟು ದಿನದ ಮೇಲೆ, ಮಾರ್ಸೇಯಿಂದ ಒಬ್ಬಳು,
ಹೈಗಾನುಷ್, ಎಂಬತ್ತಾರು:
"ನನ್ನದನ್ನು ಈಗಲೇ ಕೆತ್ತು. ದಿನಾ ವಿಡಿಯೋ ಹಾಕು.
ಆಮೇಲೆ ನನಗೆ ಹೇಗೂ ನೋಡಲಾಗದು."

ಕೆತ್ತುತ್ತಿದ್ದೇನೆ. ದಿನಾ ತಕರಾರು.
ಮೂಲೆ ಇನ್ನಷ್ಟು ದುಂಡಗಿರಲಿ. ದಾಳಿಂಬೆ ಸಣ್ಣದಾಯಿತು.
ಹುಟ್ಟಿದ್ದನ್ನು ಎರಡು ವರ್ಷ ಮುಂದಕ್ಕೆ ಹಾಕು, ಯಾರಿಗೆ ಗೊತ್ತು.
ಕೊನೆಯ ಇಸವಿ ಕೆತ್ತುತ್ತಿಲ್ಲವಲ್ಲ,
ನಾಲ್ಕಂಕಿಯ ಕೂಲಿ ಮುರಿದುಕೋ.
ಮುರಿದುಕೊಂಡೆ.
ಅವಳ ಬೀದಿಯ ಮುದುಕಿಯರೆಲ್ಲ ಕಾಫಿಯ ಹೊತ್ತಿಗೆ
ಸೇರಿ ನೋಡುತ್ತಾರಂತೆ;
ಇಬ್ಬರು ರೇಟು ಕೇಳಿದ್ದಾರೆ,
ಒಬ್ಬಳು ತನಗಲ್ಲವಂತೆ, ತಂಗಿಗಂತೆ.

"ಸ್ಟೋರಿ ಹಾಕೋಣ ಮಾಮ, ಇಪ್ಪತ್ನಾಲ್ಕು ಗಂಟೆ ಇರುತ್ತೆ."
ಆಮೇಲೆ?
"ಹೋಗುತ್ತೆ."
ಎಲ್ಲಿಗೆ?
ಅರ್ಪೆನಿಕ್ ಭುಜ ಕುಣಿಸಿದಳು.
ನನ್ನ ಕಸುಬಿನಲ್ಲಿ ನಾನೂ ಅಷ್ಟೇ ಹೇಳುತ್ತಿದ್ದದ್ದು.

ಇವತ್ತು ಹುಟ್ಟಿದ ವರ್ಷದ ಮುಂದೆ ಗೆರೆ ಎಳೆದೆ,
ಒಂದೂವರೆ ಅಂಗುಲ.
ಅದರಾಚೆ ಬರಿಗಲ್ಲು.
ಹೆಬ್ಬೆರಳಲ್ಲಿ ಧೂಳು ಒರೆಸಿದೆ, ಕೆಳಗಿಂದ ಮೇಲಕ್ಕೆ,
ಅರ್ಪೆನಿಕ್ ಫೋನನ್ನು ಸವರುವ ಹಾಗೆಯೇ.

ಮಾರ್ಸೇಯಿಂದ ಆಗಲೇ ಬಂತು:
"ಗೆರೆ ಚೆನ್ನಾಗಿದೆ.
ಇನ್ನೂ ಸ್ವಲ್ಪ ಉದ್ದ ಎಳೆ."